ಸೇತುವೆಯಡಿಯ ನೇರಳೆ

ನಮ್ಮ ಚಿಕ್ಕಪ್ಪನಿಗೆ ಬ್ಯಾಂಕಿನವರು ಸಂಬಳ ಕೊಡುತ್ತಿದ್ದದ್ದೇ ಅನುಮಾನ ಪಡುವುದಕ್ಕೆ. ಚೆಕ್ಕಿನ ಮೇಲಿನ ಸಹಿಯನ್ನು ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿಯ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಒಂದೇ ಕೈಯವು ಅನ್ನಿಸಿದರೆ ಅಂಚಿನಲ್ಲಿ 'ತಾಳೆ' ಎಂದು ಬರೆದು ಮುಂದಕ್ಕೆ ಕಳಿಸಬೇಕು. ಅನ್ನಿಸದಿದ್ದರೆ ಆ ಮನುಷ್ಯನನ್ನು ಕಿಟಕಿಗೆ ಕರೆಸಬೇಕು. ಇಪ್ಪತ್ತೊಂಬತ್ತು ವರ್ಷ ಅವರು ಇದೊಂದೇ ಕೆಲಸ ಮಾಡಿದರು. ಒಂದು ಸಲ ಸ್ವಂತ ಅಣ್ಣನನ್ನೇ, ಅಂದರೆ ನಮ್ಮ ಅಪ್ಪನನ್ನೇ, ಕಿಟಕಿಯ ಮುಂದೆ ನಿಲ್ಲಿಸಿದ್ದರು. ಅಪ್ಪನ ಹೆಬ್ಬೆರಳು ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿತ್ತು, ಸಹಿ ಸೊಟ್ಟಗಾಗಿತ್ತು.

"ಅಣ್ಣ, ನೀನು ನನ್ನಣ್ಣ ಅನ್ನೋದು ನನಗೆ ಗೊತ್ತು. ಈ ಸಹಿ ನನ್ನಣ್ಣಂದು ಅನ್ನೋದಕ್ಕೆ ಏನು ಸಾಕ್ಷಿ?" ಎಂದರಂತೆ.

ಅಪ್ಪ ಎರಡು ತಿಂಗಳು ಅವರ ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ತಾವೇ ಬಂದವರಿಗೆಲ್ಲ ಈ ಕಥೆ ಹೇಳಿ ನಗುತ್ತಿದ್ದರು. ಬ್ಯಾಂಕಿನಲ್ಲಿ ಚಿಕ್ಕಪ್ಪನ ಅಡ್ಡಹೆಸರು ಭೂತಗನ್ನಡಿ. ಅದಕ್ಕೆ ಅವರಿಗೇನೂ ಬೇಸರವಿರಲಿಲ್ಲ. "ಭೂತವೂ ನಾನೇ, ಕನ್ನಡಿಯೂ ನಾನೇ" ಅನ್ನುತ್ತಿದ್ದರು.

ಆ ಗುಣ ಬ್ಯಾಂಕಿನ ಬಾಗಿಲಲ್ಲೇ ಉಳಿಯುತ್ತಿರಲಿಲ್ಲ, ಮನೆಗೂ ಬರುತ್ತಿತ್ತು. ಚಿಕ್ಕಮ್ಮ "ಬಾಗಿಲು ಹಾಕಿದೀನಿ" ಅಂದರೆ ಎದ್ದು ಹೋಗಿ ಚಿಲಕ ಮುಟ್ಟಿ ಬರುವರು. "ತಲೆನೋವು ಹೋಯ್ತು" ಅಂದರೆ ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ನಂಬಬಹುದು ಅನ್ನಿಸಿದ ಮೇಲೆ ಪೇಪರಿಗೆ ಹಿಂದಿರುಗುವರು. ಅವಳು ಮೊದಮೊದಲು ರೇಗುತ್ತಿದ್ದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ರೇಗುವುದನ್ನು ಬಿಟ್ಟಿದ್ದಳು, ಅರ್ಧ ಮಾತಾಡುವುದನ್ನೂ ಬಿಟ್ಟಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ನಾನು ಎರಡು ಬೀದಿ ಆಚೆ ಇದ್ದೆ, ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೆ, ಭಾನುವಾರ ಮಧ್ಯಾಹ್ನಗಳನ್ನು ಅವರ ಮನೆಯಲ್ಲೇ ಕಳೆಯುತ್ತಿದ್ದೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಚಿಕ್ಕಪ್ಪನಿಗೆ ಜಪಾನಿನ ಚಿತ್ರದ ಕಾರ್ಡುಗಳ ಹುಚ್ಚು ಹಿಡಿಯಿತು. ನಮ್ಮದು ಬಂದರಿನ ಊರು. ಹಿಂದಿನ ಕಾಲದಲ್ಲಿ ಹಡಗಿನಲ್ಲಿ ಕೆಲಸ ಮಾಡಿದವರ ಮನೆಗಳನ್ನು ಖಾಲಿ ಮಾಡುವಾಗ ಪೆಟ್ಟಿಗೆಗಟ್ಟಲೆ ಹಳೇ ಕಾಗದ ಹೊರಬೀಳುತ್ತಿತ್ತು. ಅದೆಲ್ಲ ಹೋಗಿ ಸೇರುತ್ತಿದ್ದದ್ದು ಗೋದಾಮುಗಳ ಹಿಂದಿನ ಓಣಿಯ ಕಾಗದದಂಗಡಿಗೆ. ಒಂದು ದಿನ ಚಿಕ್ಕಪ್ಪ ಅಲ್ಲಿ ಹಳೆಯ ಸಹಿಗಳಿರುವ ಪತ್ರಗಳನ್ನು ಕೆದಕುತ್ತಿದ್ದಾಗ ಒಂದೇ ಚಿತ್ರದ ಎರಡು ಕಾರ್ಡು ಕೈಗೆ ಬಂದವು. ಕೊಡೆ ಹಿಡಿದ ಹೆಂಗಸು, ಪಕ್ಕದಲ್ಲಿ ಕೆರೆ. ಅದೇ ನಿಲುವು, ಅದೇ ಅಲೆ, ಕಲ್ಲಿನ ಮೇಲೆ ಅದೇ ಬಿರುಕು. ಆದರೆ ಒಂದರಲ್ಲಿ ಕೊಡೆ ಕೆಂಪು, ಇನ್ನೊಂದರಲ್ಲಿ ಹಸಿರು. ಚಿಕ್ಕಪ್ಪನ ಕಿವಿ ನಿಮಿರಿತು. ಜೇಬಿನಿಂದ ಭೂತಗನ್ನಡಿ ತೆಗೆದು ಬಾಗಿಲ ಬೆಳಕಿಗೆ ಹೋಗಿ ನೋಡಿದರು. ಚಿತ್ರ ಕಪ್ಪುಬಿಳುಪಿನಲ್ಲಿ ಅಚ್ಚಾಗಿತ್ತು. ಬಣ್ಣವನ್ನು ಮಾತ್ರ ಯಾರೋ ಕುಂಚದಿಂದ, ಕೈಯಲ್ಲೇ ಹಚ್ಚಿದ್ದರು. ಕೆಂಪು ಒಂದು ಕಡೆ ಕೊಡೆಯ ಗೆರೆ ದಾಟಿ ಆಕಾಶಕ್ಕೆ ಚೆಲ್ಲಿತ್ತು.

"ಎರಡು ಕೈ ಕಣಮ್ಮ! ಒಂದೇ ಚಿತ್ರದ ಮೇಲೆ ಎರಡು ಬೇರೆ ಬೇರೆ ಕೈ!" ಎಂದು ಆ ಭಾನುವಾರ ನನಗೆ ತೋರಿಸಿದರು. ಆ ಮುಖದಲ್ಲಿ ನಾನು ಅಂಥ ಖುಷಿ ಅದುವರೆಗೆ ನೋಡಿರಲಿಲ್ಲ.

ಅಡುಗೆಮನೆಯ ಪಕ್ಕ ಸಾಮಾನು ಇಡುವ ಸಣ್ಣ ಕೋಣೆಯೊಂದಿತ್ತು. ಅದು ಅವರದಾಯಿತು. ಪೂರ್ವದ ಕಿಟಕಿಗೆ ಒತ್ತಿ ಮೇಜು, ಮೇಜಿನ ಮೇಲೆ ಬಿಳಿ ಒತ್ತುಕಾಗದ, ಇಕ್ಕಳ, ಎರಡು ಭೂತಗನ್ನಡಿ, ಕಪ್ಪು ಹಾಳೆಯ ಆಲ್ಬಮ್ಮು. ಅಲ್ಲಿ ಯಾರೂ ಏನನ್ನೂ ಮುಟ್ಟುವ ಹಾಗಿರಲಿಲ್ಲ. ಆಲ್ಬಮ್ಮಿನ ಹಾಳೆಗಳ ನಡುವೆ ಒಂದು ಕೂದಲು ಇಡುತ್ತಿದ್ದರು. ಯಾರಾದರೂ ತೆರೆದರೆ ಬಿದ್ದುಹೋಗಲಿ ಅಂತ. ಚಿಕ್ಕಮ್ಮ ಮನೆಯೆಲ್ಲ ಒರೆಸಿ ಆ ಮೇಜಿನ ಕಾಲ ಬಳಿ ಬಟ್ಟೆ ನಿಲ್ಲಿಸುತ್ತಿದ್ದಳು.

ಕಾರ್ಡಿನ ಕಾಲ ಕಂಡುಹಿಡಿಯುವುದನ್ನು ಚಿಕ್ಕಪ್ಪ ನನಗೂ ಕಲಿಸಿದರು. "ಮುಖ ನೋಡಿ ಮರುಳಾಗಬೇಡ, ಬೆನ್ನು ನೋಡು" ಅನ್ನುತ್ತಿದ್ದರು. ವಿಳಾಸದ ಬದಿಯಲ್ಲಿ ಅಡ್ಡಗೆರೆಯೇ ಇಲ್ಲದಿದ್ದರೆ ಅದು 1907ಕ್ಕಿಂತ ಹಿಂದಿನದು, ಆಗ ಆ ಬದಿಯಲ್ಲಿ ವಿಳಾಸ ಬಿಟ್ಟು ಇನ್ನೇನೂ ಬರೆಯುವಂತಿರಲಿಲ್ಲ. ಗೆರೆ ಮೂರನೇ ಒಂದು ಭಾಗದಲ್ಲಿದ್ದರೆ ಆಮೇಲಿನ ಹತ್ತು ಹನ್ನೊಂದು ವರ್ಷದ್ದು. ಸರಿಯಾಗಿ ಅರ್ಧಕ್ಕೆ ಇದ್ದರೆ 1918ರಿಂದ ಈಚಿನದು. 'ಅಂಚೆ ಕಾರ್ಡು' ಅನ್ನುವುದಕ್ಕೆ ಜಪಾನಿಯಲ್ಲಿ ಐದು ಅಕ್ಷರ, ಬಲದಿಂದ ಎಡಕ್ಕೆ ಅಚ್ಚಾಗಿರುತ್ತವೆ. ಅದರಲ್ಲಿ ನಾಲ್ಕನೆಯದರ ಪಕ್ಕ ಸಾಸಿವೆಯಷ್ಟು ಎರಡು ಚುಕ್ಕೆ ಬಂದಿದ್ದರೆ 1933 ಕಳೆದಿದೆ ಅಂತ ಅರ್ಥ. ಅಂಚೆ ಮುದ್ರೆಯಿದ್ದರೆ ಅದರಲ್ಲಿ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷದಿಂದ ಲೆಕ್ಕ. ಮೇಜಿ ಅನ್ನುವ ಚಕ್ರವರ್ತಿಯ ಕಾಲದ ನಲವತ್ತನೇ ವರ್ಷ ಅಂದರೆ ನಮ್ಮ 1907. ಚಿಕ್ಕಪ್ಪ ಹೇಳುತ್ತಿದ್ದರು, ನಾನು ಪ್ರತಿ ಕಾರ್ಡಿಗೂ ಚೀಟಿ ಬೆರಳಚ್ಚು ಮಾಡುತ್ತಿದ್ದೆ. ಅವರಿಗೆ ಎಳ್ಳಷ್ಟು ಸಂಶಯ ಇದ್ದರೂ ಚೀಟಿಯ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿಸುತ್ತಿದ್ದರು. ಮುಕ್ಕಾಲು ಪಾಲು ಚೀಟಿಗಳಿಗೆ ಆ ಕೊಕ್ಕೆ ಇತ್ತು.

ಕಾಗದದಂಗಡಿಯವರೊಂದಿಗೆ ಒಂದು ಏರ್ಪಾಡಾಗಿತ್ತು. ಅವರು ಬಂದ ಕಾರ್ಡುಗಳನ್ನು ಕಟ್ಟಿಗೆ ಕಟ್ಟೇ ಕೊಟ್ಟುಬಿಡುವರು. ಚಿಕ್ಕಪ್ಪ ಬಣ್ಣ ಹಚ್ಚಿದವನ್ನು ಆರಿಸಿಕೊಂಡು ಉಳಿದವನ್ನು ಹಿಂದಿರುಗಿಸುವರು. ಬಣ್ಣವಿಲ್ಲದವಕ್ಕೆ ಅವರಿಟ್ಟ ಹೆಸರು ಬೋಳು ಕಾರ್ಡು. ಅವನ್ನು ತಿರುಗಿಸಿಯೂ ನೋಡುತ್ತಿರಲಿಲ್ಲ. ಒಂದು ರಟ್ಟಿನ ಡಬ್ಬಿಗೆ ಹಾಕಿ, "ನೀನು ಆ ಕಡೆ ಹೋದಾಗ ಕೊಟ್ಟುಬಿಡೇ" ಎಂದು ಚಿಕ್ಕಮ್ಮನಿಗೆ ಹೇಳುತ್ತಿದ್ದರು. ಪ್ರತಿ ಮಂಗಳವಾರ ಅವಳು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುವ ದಾರಿಯಲ್ಲೇ ಆ ಓಣಿ.

ಹೀಗೆ ಮೂರು ವರ್ಷ ನಡೆಯಿತು. ಆಮೇಲೆ ಒಂದು ಭಾನುವಾರ ಚಿಕ್ಕಪ್ಪ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಚಿಕ್ಕಮ್ಮನನ್ನು ಹಾಗೆ ಕರೆದದ್ದು ನಾನು ನೋಡಿದ್ದು ಅದೇ ಮೊದಲು.

"ಇಲ್ಲಿ ನೋಡಿ" ಎಂದು ಕನ್ನಡಿ ಕೊಟ್ಟರು. ಅರ್ಧಚಂದ್ರದ ಹಾಗೆ ಬಾಗಿದ ಮರದ ಸೇತುವೆ, ಮೇಲೆ ಇಬ್ಬರು ಹೆಂಗಸರು. "ಈ ಸೇತುವೆ ಕೆಳಗೆ ನೋಡಿ. ಎಲ್ಲರೂ ನೆರಳನ್ನ ಕಪ್ಪಾಗೇ ಬಿಟ್ಟುಬಿಡ್ತಾರೆ. ಇವಳು ನೇರಳೆ ಕೊಟ್ಟಿದ್ದಾಳೆ. ಎಷ್ಟು ತೆಳುವಾಗಿ! ನೀರು ತಣ್ಣಗಿದೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಅಲ್ಲಿನ ಕಾರ್ಖಾನೆಗಳಲ್ಲಿ ಹೆಂಗಸರು ಸಾಲಾಗಿ ಕೂತು ಹಚ್ತಿದ್ದರಂತೆ. ಆ ಸಾಲಿನಲ್ಲಿ ಇಂಥವಳೂ ಒಬ್ಬಳಿದ್ದಳು. ಎಂಥ ಕೈ!"

"ಚೆನ್ನಾಗಿದೆಯಾ?" ಎಂದಳು ಚಿಕ್ಕಮ್ಮ.

"ಚೆನ್ನಾಗಿದೆಯಾ ಅಂತೀಯಲ್ಲ! ನನ್ನ ಹತ್ತಿರ ಇರೋದರಲ್ಲೇ ಇದು ಮೇಲು."

ಚಿಕ್ಕಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ಆ ಹೆಂಗಸಿಗೆ ಚಿಕ್ಕಪ್ಪ 'ನೇರಳೆಯವಳು' ಅಂತ ಹೆಸರಿಟ್ಟರು. ಮುಂದಿನ ನಾಲ್ಕು ತಿಂಗಳಲ್ಲಿ ಅವಳ ಕೈಯದ್ದು ಇನ್ನೂ ಆರು ಕಾರ್ಡು ಸಿಕ್ಕವು. ಒಂದು ಬೆಸ್ತರ ದೋಣಿ, ಒಂದು ಕಲ್ಲಿನ ಮೆಟ್ಟಿಲು, ಒಂದು ಹೂಬಿಟ್ಟ ಮರಗಳ ಬೀದಿ. ಪ್ರತಿಯೊಂದರಲ್ಲೂ ನೆರಳಿಗೆ ಆ ನೇರಳೆ. ಊಟಕ್ಕೆ ಕೂತರೆ ಅವಳದೇ ಮಾತು. "ಇವತ್ತು ನಿಮ್ಮ ನೇರಳೆಯವಳು ಏನಂದಳು?" ಎಂದು ಚಿಕ್ಕಮ್ಮ ತಮಾಷೆ ಮಾಡುತ್ತಿದ್ದಳು. ಅವಳ ಮುಖದಲ್ಲಿ ಏನೋ ಹೊಳಪು ಬಂದಿತ್ತು. ಗಂಡನ ಮುಖ ಅರಳಿದ್ದಕ್ಕೆ ಇರಬೇಕು ಅಂದುಕೊಂಡೆ.

ಎಡವಟ್ಟಾದದ್ದು ಚೀಟಿ ಬರೆಸುವಾಗ. ಏಳೂ ಕಾರ್ಡುಗಳನ್ನು ಬೋರಲು ಮಲಗಿಸಿ ಚಿಕ್ಕಪ್ಪ ಒಂದೊಂದೇ ಬೆನ್ನು ನೋಡುತ್ತ ಬಂದರು. ಸೇತುವೆಯದಕ್ಕೆ ಗೆರೆಯೇ ಇಲ್ಲ, 1907ಕ್ಕೆ ಹಿಂದಿನದು. ದೋಣಿಯದಕ್ಕೆ ಗೆರೆ ಅರ್ಧಕ್ಕೆ. ಮೆಟ್ಟಿಲಿನದಕ್ಕೆ ನಾಲ್ಕನೇ ಅಕ್ಷರದ ಪಕ್ಕ ಎರಡು ಚುಕ್ಕೆ. ಅವರ ಬೆರಳು ಅಲ್ಲೇ ನಿಂತಿತು.

"ಏನಾಯ್ತು ಚಿಕ್ಕಪ್ಪ?"

"ಇದಕ್ಕೂ ಅದಕ್ಕೂ ಇಪ್ಪತ್ತಾರು ವರ್ಷವಾದರೂ ಅಂತರ ಇದೆ. ಇಷ್ಟು ವರ್ಷ ಅದೇ ಹೆಂಗಸು, ಅದೇ ಕುಂಚ, ಅದೇ ಬಾಟಲಿ ನೇರಳೆ? ಮನುಷ್ಯರ ಕೈ ಐದು ವರ್ಷಕ್ಕೆ ಬದಲಾಗುತ್ತೆ. ನಾನು ಕಂಡಿದೀನಿ."

ಅವರು ಕಾರ್ಡುಗಳನ್ನು ಮತ್ತೆ ಅಂಗಾತ ಮಾಡಿದರು. ಮೆಟ್ಟಿಲಿನ ಕಾರ್ಡಿನ ಮೂಲೆ ಯಾವಾಗಲೋ ಮಡಿಚಿ, ಮೇಲಿನ ಪದರ ಬಿರಿದು, ಕೂದಲೆಳೆಯಂಥ ಸೀಳು ಬಿಟ್ಟಿತ್ತು. ಕನ್ನಡಿಯನ್ನು ಅದರ ಮೇಲೆ ಹಿಡಿದು ಬಹಳ ಹೊತ್ತು ನೋಡಿದರು. ನನಗೂ ತೋರಿಸಿದರು. ಹಸಿರು ಆ ಸೀಳಿನ ಒಳಕ್ಕೂ ಇಳಿದಿತ್ತು. ಕಾರ್ಡು ಮುದಿಯಾಗಿ, ಮಡಿಚಿ, ಬಿರಿದ ಮೇಲೆ ಬಣ್ಣ ಬಿದ್ದಿದೆ.

"ಯಾರೋ ಈಗ ಹಚ್ತಿದಾರೆ. ಈ ಊರಲ್ಲೇ. ನನ್ನನ್ನ ಮಂಗ ಮಾಡ್ತಿದಾರೆ" ಎಂದರು ಚಿಕ್ಕಪ್ಪ. ಮುಖ ಬ್ಯಾಂಕಿನ ಕಿಟಕಿಯ ಹಿಂದಿನ ಮುಖವಾಗಿತ್ತು.

ಅಲ್ಲಿಂದ ಆ ಮನೆಯಲ್ಲಿ ಗಾಳಿಯೇ ಬದಲಾಯಿತು. ಮೊದಲ ಗುಮಾನಿ ನನ್ನ ಮೇಲೆ! ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಬಣ್ಣ ಹಚ್ಚಿ ಕೊಟ್ಟಿದ್ದ ಹುಟ್ಟುಹಬ್ಬದ ಶುಭಾಶಯ ಪತ್ರವನ್ನು ಎಲ್ಲಿಂದಲೋ ಹುಡುಕಿ ತೆಗೆದು, ಮೇಜಿನ ಮೇಲಿಟ್ಟು ಹೋಲಿಸುತ್ತಿದ್ದರು. ನಾನು ಒಳಗೆ ಬಂದದ್ದು ನೋಡಿ, "ಇಲ್ಲ ಬಿಡು, ನಿನಗೆ ಇಷ್ಟು ಚೆನ್ನಾಗಿ ಬರಲ್ಲ" ಎಂದರು. ಬಚಾವಾದೆ ಅಂತ ನಗಬೇಕೋ, ಮರ್ಯಾದೆ ಹೋಯಿತು ಅಂತ ಅಳಬೇಕೋ ಗೊತ್ತಾಗಲಿಲ್ಲ.

ಎರಡನೆಯವರು ಡ್ರಾಯಿಂಗ್ ಮೇಷ್ಟ್ರು. ಅವರೂ ನಿವೃತ್ತರು, ಹಡಗಿನ ಚಿತ್ರವಿರುವ ಕಾರ್ಡುಗಳನ್ನು ಕೂಡಿಡುತ್ತಿದ್ದರು. ಭಾನುವಾರ ನಾಲ್ಕು ಗಂಟೆಗೆ ಸರಿಯಾಗಿ ಬಂದು ಚಿಕ್ಕಪ್ಪನ ಜೊತೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ದೊಡ್ಡ ಶರೀರ, ದೊಡ್ಡ ನಗು, ಉಗುರ ಸಂದಿಯಲ್ಲಿ ಸದಾ ಬಣ್ಣ. ಚಿಕ್ಕಪ್ಪನಿಗೆ ಇದ್ದ ಒಬ್ಬನೇ ಗೆಳೆಯ ಅಂದರೂ ಸರಿ.

ಆ ಭಾನುವಾರ ಚಿಕ್ಕಪ್ಪ ಜೇನು ಸವರಿದ ದನಿಯಲ್ಲಿ, "ಮೇಷ್ಟ್ರೇ, ಈ ಬೋಳು ಕಾರ್ಡಿಗೆ ಸ್ವಲ್ಪ ಬಣ್ಣ ಹಚ್ಚಿ ತೋರಿಸ್ತೀರಾ? ಹೇಗೆ ಹಚ್ತಾರೆ ನೋಡೋಣ" ಎಂದರು. ಮೇಷ್ಟ್ರಿಗೆ ಎಲ್ಲಿಲ್ಲದ ಉತ್ಸಾಹ. ತೋಳು ಮಡಿಸಿ, ಜೇಬಿನಲ್ಲೇ ಇದ್ದ ಸಣ್ಣ ಬಣ್ಣದ ಪೆಟ್ಟಿಗೆ ತೆಗೆದು, ಗುನುಗುತ್ತ ಕೊಡೆಗೆ ಕೆಂಪು ಬಳಿದರು. ಮುಗಿಸಿ ತಲೆಯೆತ್ತಿದರೆ ಚಿಕ್ಕಪ್ಪ ಒಂದು ಕೈಯಲ್ಲಿ ಆ ಕಾರ್ಡು, ಇನ್ನೊಂದರಲ್ಲಿ ಸೇತುವೆಯ ಕಾರ್ಡು ಹಿಡಿದು, ಕನ್ನಡಿಯನ್ನು ಅತ್ತಿತ್ತ ಆಡಿಸುತ್ತಿದ್ದಾರೆ.

ಮೇಷ್ಟ್ರ ನಗು ನಿಧಾನವಾಗಿ ಇಳಿಯಿತು. "ಏನ್ರೀ ಇದು? ನನ್ನ ಮಾದರಿ ತಗೊಳ್ತಿದೀರಾ?"

"ಕಳ್ಳ ಕೈ ಒಂದು ಓಡಾಡ್ತಿದೆ, ಮೇಷ್ಟ್ರೇ. ಬಣ್ಣ ಹಚ್ಚೋಕೆ ಬರುವವರು ಈ ಊರಲ್ಲಿ ಎಷ್ಟು ಜನ?"

"ಹನ್ನೆರಡು ವರ್ಷದಿಂದ ನಿಮ್ಮ ಮನೆ ಕಾಫಿ ಕುಡಿದಿದೀನಿ" ಎಂದರು ಮೇಷ್ಟ್ರು. ಆಲ್ಬಮ್ಮು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. ಚಿಕ್ಕಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೇಷ್ಟ್ರು ಕಾಫಿ ಮುಟ್ಟದೆ ಅವಳನ್ನು ಬಳಸಿಕೊಂಡು ಹೊರಟುಹೋದರು.

"ತಾಳೆಯಾಯ್ತಾ?" ಎಂದು ನಾನು ಕೇಳಿದೆ.

"ಇಲ್ಲ. ಬೇಕಂತಲೇ ಕೈ ಬದಲಾಯಿಸಿದ್ದಾನೆ."

"ರೀ, ಪಾಪ, ಅವರು ಹಾಗೆ ಮಾಡೋರಲ್ಲ" ಎಂದಳು ಚಿಕ್ಕಮ್ಮ.

"ನಿನಗೇನು ಗೊತ್ತು?" ಎಂದರು ಚಿಕ್ಕಪ್ಪ. ಅವಳು ಮೇಷ್ಟ್ರು ಮುಟ್ಟದ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದಳು.

ಮಾರನೆಯ ದಿನ ಚಿಕ್ಕಪ್ಪ ಬಲೆ ಹೆಣೆದರು. ಹಿಂದಿರುಗಿಸಬೇಕಾದ ಬೋಳು ಕಾರ್ಡುಗಳಲ್ಲಿ ಐದನ್ನು ಆರಿಸಿ, ಅಂಚೆಚೀಟಿ ಅಂಟಿಸುವ ಚೌಕದ ಮೂಲೆಯಲ್ಲಿ ಸೂಜಿಯಿಂದ ಒಂದೊಂದು ತೂತು ಮಾಡಿದರು. ಬೆಳಕಿಗೆ ಹಿಡಿದರಷ್ಟೇ ಕಾಣುವಷ್ಟು ಸಣ್ಣದು. ನನಗೆ ಮಾತ್ರ ಹೇಳಿ, "ನಿನ್ನ ಬಾಯಿಗೆ ಬೀಗ" ಎಂದರು. ಮಂಗಳವಾರ ಚಿಕ್ಕಮ್ಮ ಎಂದಿನಂತೆ ಡಬ್ಬಿ ತೆಗೆದುಕೊಂಡು ಹೋದಳು. ಎರಡು ವಾರ ಏನೂ ಇಲ್ಲ. ಚಿಕ್ಕಪ್ಪ ದಿನಾ ಅಂಗಡಿಗೆ ಹೋಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಡಬ್ಬಿಗಳನ್ನು ಜಾಲಾಡಿ ಬರುತ್ತಿದ್ದರು. ಮೂರನೇ ವಾರ ಒಂದು ಬುಧವಾರ ನನ್ನ ಶಾಲೆಯ ಗೇಟಿಗೇ ಬಂದು ನಿಂತರು. ಏದುಸಿರು ಬಿಡುತ್ತಿದ್ದರು. ಕೈಯಲ್ಲಿ ಒಂದು ಕಾರ್ಡು: ಬೆಟ್ಟದ ತಪ್ಪಲಿನ ಚಹಾದಂಗಡಿ, ಮಾಡಿನ ಕೆಳಗೆ ನೇರಳೆ ನೆರಳು. ಆಕಾಶಕ್ಕೆ ಹಿಡಿದು ತೋರಿಸಿದರು. ಮೂಲೆಯಲ್ಲಿ ಸೂಜಿಯ ಬೆಳಕು.

"ಅಂಗಡಿಯವನೇ! ಬಾ ನನ್ನ ಜೊತೆ, ಸಾಕ್ಷಿಗೆ ಒಬ್ಬರು ಬೇಕು."

ಬೇಡ ಅಂದರೂ ಕೇಳಲಿಲ್ಲ. ಕಾಗದದಂಗಡಿ ಅಂದರೆ ಉದ್ದನೆಯ ಕತ್ತಲೆ ಕೋಣೆ, ಎರಡೂ ಕಡೆ ಎದೆಮಟ್ಟ ಕಟ್ಟುಗಳು, ನಡುವೆ ಒಬ್ಬರು ಮಾತ್ರ ನಡೆಯುವಷ್ಟು ಜಾಗ. ಅಂಗಡಿಯವರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಹಳೇ ನಕ್ಷೆಯೊಂದನ್ನು ಗಿರಾಕಿಗೆ ಬಿಚ್ಚಿ ತೋರಿಸುತ್ತಿದ್ದರು. ಗಿರಾಕಿ ಇದ್ದಾರೆ ಅಂತಲೂ ನೋಡದೆ ಚಿಕ್ಕಪ್ಪ ಶುರು ಮಾಡಿದರು. ಮೋಸ, ನಕಲಿ, ಪೊಲೀಸು — ಎಲ್ಲ ಮಾತೂ ಬಂತು. ಗಿರಾಕಿ ನಕ್ಷೆ ಬಿಟ್ಟು ಮೆಲ್ಲಗೆ ಜಾರಿಕೊಂಡರು.

ಅಂಗಡಿಯವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿದರು. ಬೆರಳುಗಳು ಎಲೆಯ ಹಾಗೆ ನಡುಗುತ್ತಿದ್ದವು.

"ಈ ಕೈಯಲ್ಲಿ ನಾನು ಸರಿಯಾಗಿ ಒಂದು ಗಂಟು ಹಾಕಲಾರೆ, ಸಾರ್. ಬಲಗಣ್ಣಲ್ಲಿ ಪೊರೆ. ನಾನು ಹಚ್ತೀನಾ ಬಣ್ಣ?"

"ಹಾಗಾದರೆ ಯಾರು ಹಚ್ಚಿ ತಂದುಕೊಡ್ತಾರೆ?"

"ಯಾರಾದರೂ ಯಾಕೆ ತರ್ತಾರೆ? ನಿಮ್ಮ ಮನೆಯಿಂದ ವಾಪಸ್ ಬರೋ ಡಬ್ಬೀಲೇ ಇರ್ತಾವೆ. ಒಳ್ಳೇವನ್ನ ಯಾಕೆ ಹಿಂದಕ್ಕೆ ಕಳಿಸ್ತಾರೆ ಅಂತ ನನಗೂ ಆಶ್ಚರ್ಯ. ಬಂದ ಹಾಗೇ ಮೇಲೆ ಇಡ್ತೀನಿ. ಆಮೇಲೆ ನೀವೇ ಬಂದು ಹೊಸದು ಸಿಕ್ಕಿತು ಅಂತ ಕುಣಿದುಕೊಂಡು ತಗೊಂಡು ಹೋಗ್ತೀರಿ. ದೊಡ್ಡವರು, ಏನೋ ಮರೆವು ಅಂತ ನಾನು ಸುಮ್ಮನಿದ್ದೆ." ಅವರು ನಕ್ಷೆಯನ್ನು ಮಡಿಸತೊಡಗಿದರು. "ಡಬ್ಬಿ ತರೋರು ನಿಮ್ಮ ಮನೆಯವರು. ಅವರನ್ನೇ ಕೇಳಿ. ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ."

ಓಣಿಯುದ್ದಕ್ಕೂ ಚಿಕ್ಕಪ್ಪ ನನಗಿಂತ ಮುಂದೆ ಬಿರಬಿರನೆ ನಡೆದರು. ದೊಡ್ಡ ರಸ್ತೆಗೆ ಬಂದ ಮೇಲೆ, "ಗೊತ್ತಾಯ್ತು. ಅವಳು ಡಬ್ಬೀನ ಮೇಷ್ಟ್ರ ಮನೆಗೆ ತಗೊಂಡು ಹೋಗ್ತಾಳೆ. ಇಬ್ಬರೂ ಸೇರಿ ನನ್ನ ಮೇಲೆ ನಗ್ತಿದಾರೆ" ಎಂದರು.

"ಚಿಕ್ಕಪ್ಪ! ಯಾಕೆ ನಗ್ತಾರೆ?"

"ಅದೇ ನನಗೂ ತಿಳೀಬೇಕಾಗಿರೋದು." ಅವರ ದನಿ ಒಡೆದಿತ್ತು. ನನಗೆ ಸಿಟ್ಟು ಬಂದಿತ್ತು, ಆ ದನಿ ಕೇಳಿ ಅದೂ ಇಳಿಯಿತು.

ಮನೆಗೆ ಬಂದಾಗ ಚಿಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಚಿಕ್ಕಪ್ಪ ಅವಳ ಮಡಿಲಿಗೆ ಕಾರ್ಡು ಹಾಕಿದರು.

"ಮೇಷ್ಟ್ರಿಗೆ ಎಷ್ಟು ದಿನದಿಂದ ಕೊಡ್ತಿದೀಯಾ ಇವನ್ನ?"

ಅವಳು ಕಾರ್ಡನ್ನು ಎತ್ತಿ ಬಟ್ಟೆಯ ಮೇಲೆ ಹುಷಾರಾಗಿ ಇಟ್ಟಳು. "ಮೇಷ್ಟ್ರು ಯಾಕೆ? ನಾನೇ ಹಚ್ಚಿದ್ದು."

"ಸುಳ್ಳು. ಅವನನ್ನ ಉಳಿಸೋಕೆ ಹೇಳ್ತಿದೀಯಾ."

"ನಾನೇ ರೀ."

"ನಿನಗೆ ಬಣ್ಣ ಹಚ್ಚೋಕೆ ಎಲ್ಲಿ ಬರುತ್ತೆ?"

ಚಿಕ್ಕಮ್ಮ ಅವರನ್ನೇ ನೋಡಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವಳು ಅವರನ್ನು ಹಾಗೆ ನೋಡಿದ್ದಿಲ್ಲ ಅನ್ನಿಸುತ್ತದೆ, ಯಾಕೆಂದರೆ ಚಿಕ್ಕಪ್ಪ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಎದ್ದು, ಮಲಗುವ ಕೋಣೆಯ ಕಪಾಟಿನ ತಳದಿಂದ ಒಂದು ತಗಡಿನ ಪೆಟ್ಟಿಗೆ ತಂದಳು. ಸೀದಾ ಯಾರೂ ಮುಟ್ಟಬಾರದ ಆ ಮೇಜಿಗೆ ಹೋಗಿ ಕೂತಳು. ಡಬ್ಬಿಯಿಂದ ಒಂದು ಬೋಳು ಕಾರ್ಡು ತೆಗೆದಳು.

"ಮಾದರಿ ಬೇಕು ತಾನೇ? ನೋಡಿಕೊಳ್ಳಿ."

ಪೆಟ್ಟಿಗೆಯಲ್ಲಿ ಬಣ್ಣದ ಹಾಳೆಗಳ ಒಂದು ಸಣ್ಣ ಪುಸ್ತಕವಿತ್ತು. ಹಾಳೆಯ ಚೂರು ಕತ್ತರಿಸಿ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಮೂರು ಕುಂಚಗಳಿದ್ದವು, ಹತ್ತಿಯ ಉಂಡೆಗಳಿದ್ದವು. ಮೊದಲು ಕಾರ್ಡಿನ ಮೇಲೆ ಒದ್ದೆ ಹತ್ತಿ ಆಡಿಸಿದಳು. ಕುಂಚವನ್ನು ಅದ್ದಿ, ಮಣಿಕಟ್ಟಿನ ಮೇಲೆ ಒಂದು ಗೆರೆ ಎಳೆದು ತೆಳುವು ಪರೀಕ್ಷಿಸಿದಳು. ಆಮೇಲೆ ಶುರುವಾಯಿತು. ಮೊದಲು ಆಕಾಶ, ಮೇಲಿಂದ ಕೆಳಗೆ ತಿಳಿಯಾಗುತ್ತ. ಆಮೇಲೆ ಮರ. ಉಸಿರು ಹಿಡಿದು ಬಿಡುವ ಹೊತ್ತಿಗೆ ಒಂದು ಎಲೆ. ಕೈ ಒಂದು ಸಲವೂ ತಡವರಿಸಲಿಲ್ಲ. ಹಚ್ಚುತ್ತಲೇ ಮಾತಾಡಿದಳು.

"ಮದುವೆಗೆ ಮುಂಚೆ ಆರು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದೆ. ಕಪ್ಪುಬಿಳುಪು ಫೋಟೋಗೆ ಬಣ್ಣ ಹಚ್ಚೋ ಕೆಲಸ. ಮದುವೆ ಹೆಣ್ಣುಗಳು, ಕೂಸುಗಳು, ಸತ್ತವರು. ಗದ್ದದ ಕೆಳಗಿನ ನೆರಳಿಗೆ ಚೂರು ನೇರಳೆ ಕೊಡಬೇಕು. ಇಲ್ಲದಿದ್ದರೆ ಮುಖ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ಹೆಣ್ಣು ನೋಡೋಕೆ ಬಂದಾಗ ನಿಮಗೂ ಹೇಳಿದ್ದೆ, ಸ್ಟುಡಿಯೋದಲ್ಲಿ ಕೆಲಸ ಅಂತ. ರಸೀದಿ ಬರೀತೀರಾ ಅಂದಿರಿ. ಹೂಂ ಅಂದೆ. ಆಮೇಲೆ ನೀವೂ ಕೇಳಲಿಲ್ಲ."

"ಮತ್ತೆ ಈ ಮೋಸ ಯಾಕೆ?" ಎಂದರು ಚಿಕ್ಕಪ್ಪ.

"ಮೊದಲನೇದು ಮೋಸ ಅಲ್ಲ. ಆ ಬೋಳು ಕಾರ್ಡುಗಳನ್ನ ನೋಡಿ ಕೈ ಕಡೀತಿತ್ತು. ಒಂದಕ್ಕೆ ಹಚ್ಚಿದೆ, ಡಬ್ಬಿಗೆ ಹಾಕಿ ಮರೆತೆ. ಅದು ನಿಮ್ಮ ಕೈಗೇ ಬರುತ್ತೆ ಅಂತ ನನಗೇನು ಗೊತ್ತು? ನೀವು ನನ್ನ ಕರೆದು ಕೂರಿಸಿ ಎಂಥ ಕೈ ಅಂದಿರಿ." ಅವಳು ಕುಂಚ ಎತ್ತಿ ಹಿಡಿದಳು. "ಮಿಕ್ಕ ಏಳು ಮೋಸವೇ. ಇನ್ನೊಂದು ಸಲ ಕೇಳಬೇಕು ಅನ್ನಿಸ್ತು. ಮೇಷ್ಟ್ರು ಕಾಫಿ ಕುಡೀದೆ ಹೋದ ದಿನವೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅದು ನನ್ನ ತಪ್ಪು. ಇನ್ನು ಅನುಮಾನ ನಿಮ್ಮದು, ಅದಕ್ಕೆ ನಾನೇನು ಮಾಡಲಿ?"

ಕಾರ್ಡು ಮುಗಿಯಿತು. ಚಿಕ್ಕಪ್ಪ ಭೂತಗನ್ನಡಿ ತೆಗೆದುಕೊಂಡರು. ಹೆಂಡತಿ ತನ್ನ ಕಣ್ಣೆದುರಿಗೇ ಹಚ್ಚಿದ ಬಣ್ಣವನ್ನು ಅವರು ಸೇತುವೆಯ ಬಣ್ಣದ ಪಕ್ಕದಲ್ಲಿಟ್ಟು, ಗೆರೆ ಗೆರೆಯಾಗಿ, ನಿಜವಾಗಿಯೂ ಪರೀಕ್ಷೆ ಮಾಡಿದರು. ನನಗೆ ಅವರನ್ನು ಹಿಡಿದು ಅಲುಗಿಸಬೇಕು ಅನ್ನಿಸಿತು. ಕೊನೆಗೆ ಕನ್ನಡಿ ಇಳಿಸಿದರು.

"ತಾಳೆಯಾಗುತ್ತೆ" ಎಂದರು.

ಚಿಕ್ಕಮ್ಮ ಜೋರಾಗಿ ನಕ್ಕಳು. ನಗುನಗುತ್ತ ಕಣ್ಣಲ್ಲಿ ನೀರು ಬಂತು. ಚಿಕ್ಕಪ್ಪ ನಗುವುದೋ ಕೋಪ ಮಾಡಿಕೊಳ್ಳುವುದೋ ತಿಳಿಯದೆ ಹೊರಗೆ ಹೋಗಿ ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದರು.

ಕೋಪ ಮಾಡಿಕೊಂಡರು ಕೂಡ. ಹತ್ತು ದಿನ ಅವಳ ಜೊತೆ ಸರಿಯಾಗಿ ಮಾತಿಲ್ಲ. ನಾಲ್ಕು ತಿಂಗಳು ತಮ್ಮ ಕಣ್ಣಿಗೇ ಮಣ್ಣೆರಚಿದವಳು ಇನ್ನೇನೆಲ್ಲ ಮುಚ್ಚಿಟ್ಟಿದ್ದಾಳೋ ಎಂದು ಕಪಾಟುಗಳನ್ನು ತೆರೆದು ತೆರೆದು ನೋಡುತ್ತಿದ್ದರಂತೆ. "ನೋಡಲಿ ಬಿಡು, ಧೂಳು ಹೋಗುತ್ತೆ" ಎಂದಳು ಚಿಕ್ಕಮ್ಮ. ಹನ್ನೊಂದನೇ ದಿನ ಅವರು ಅವಳನ್ನೇ ಕರೆದುಕೊಂಡು ಕಾಗದದಂಗಡಿಗೆ ಹೋದರು. ಮೆಟ್ಟಿಲ ಕೆಳಗೇ ನಿಂತು, ಗಿರಾಕಿಗಳ ಎದುರಿಗೆ, "ನಾನು ಅಂದದ್ದು ಸುಳ್ಳು, ತಪ್ಪು ನನ್ನದು" ಎಂದರು. ಅಂಗಡಿಯವರು ಒಳಗೆ ಬನ್ನಿ ಅಂದರು, ಆದರೆ ಕಟ್ಟಿಗೆ ಕಟ್ಟೇ ಕೊಡುವ ಏರ್ಪಾಡು ಮತ್ತೆ ಶುರುವಾಗಲಿಲ್ಲ. ಬೇಕಾದ್ದನ್ನು ಅಲ್ಲೇ ಆರಿಸಿಕೊಳ್ಳಿ ಎಂದರು. ಮೇಷ್ಟ್ರ ಮನೆಗೆ ಎರಡು ಸಲ ಹೋದರು. ಎರಡು ಸಲವೂ "ಮನೆಯಲ್ಲಿಲ್ಲ" ಅಂತ ಒಳಗಿನಿಂದ ಮೇಷ್ಟ್ರದೇ ದನಿ ಬಂತಂತೆ.

ಚಿಕ್ಕಮ್ಮ ಹಚ್ಚಿದ ಕಾರ್ಡುಗಳನ್ನು, ಆ ಮಾದರಿಯೂ ಸೇರಿ ಒಂಬತ್ತನ್ನೂ, ಚಿಕ್ಕಪ್ಪ ಪ್ರತ್ಯೇಕ ಹಾಳೆಗೆ ಹಾಕಿದರು. ಕಾರ್ಡಿನ ಕಾಲ ಇಂಥದ್ದು, ಬಣ್ಣದ ಕಾಲ ಇಂಥದ್ದು ಎಂದು ನನ್ನಿಂದ ಎರಡೆರಡು ಸಾಲಿನ ಚೀಟಿ ಬರೆಸಿದರು. ಆ ಚೀಟಿಗಳಿಗೆ ಪ್ರಶ್ನೆಯ ಕೊಕ್ಕೆ ಇಲ್ಲ. ನಿಧಾನವಾಗಿ ಆ ಕೋಣೆಗೆ ಎರಡನೇ ಕುರ್ಚಿ ಬಂತು. ಚಿಕ್ಕಪ್ಪ ಬೆನ್ನು ನೋಡುವುದು, ಚಿಕ್ಕಮ್ಮ ಮುಖ ನೋಡುವುದು. ಒಂದು ದಿನ ಅವಳು ಅವರ ಬಹುಕಾಲದ ಮೆಚ್ಚಿನ ಕಾರ್ಡೊಂದನ್ನು ತೋರಿಸಿ, "ಇದರ ಹಸಿರು ಆಮೇಲೆ ಹಚ್ಚಿದ್ದು. ನಾನಲ್ಲ, ಇನ್ಯಾರೋ" ಎಂದಳು. ಚಿಕ್ಕಪ್ಪ ಎರಡು ವಾರ ವಾದ ಮಾಡಿದರು, ಅವಳು ಬಗ್ಗಲಿಲ್ಲ. ಈಗಲೂ ಅದರ ಚೀಟಿಯ ಮೇಲೆ ಇಬ್ಬರ ಅಭಿಪ್ರಾಯವೂ ಬೇರೆ ಬೇರೆ ಶಾಯಿಯಲ್ಲಿದೆ.

"ಅವರು ಕಂಡುಹಿಡಿಯದೇ ಇದ್ದಿದ್ದರೆ ಹೇಳ್ತಿದ್ದೆಯಾ?" ಎಂದು ನಾನೊಮ್ಮೆ ಚಿಕ್ಕಮ್ಮನನ್ನು ಕೇಳಿದೆ. ಅವಳು ಕುಂಚ ತೊಳೆಯುತ್ತಿದ್ದಳು. "ಗೊತ್ತಿಲ್ಲ ಕಣೇ. ಇನ್ನೊಂದು ನಾಲ್ಕು ಹಚ್ಚುತ್ತಿದ್ದೆನೋ ಏನೋ" ಎಂದಳು.

ಮೇಷ್ಟ್ರು ಬಂದದ್ದು ಎಂಟು ತಿಂಗಳಾದ ಮೇಲೆ. ಆ ಬಣ್ಣ ಯಾರ ಕೈಯದು ಅನ್ನುವುದು ಅಷ್ಟರಲ್ಲಿ ಕಾಗದದಂಗಡಿಯಿಂದ ಅವರಿಗೂ ತಿಳಿದಿತ್ತು. ಭಾನುವಾರವಲ್ಲ, ಒಂದು ಶುಕ್ರವಾರ ಬೆಳಗ್ಗೆ. ರಜೆ ಇದ್ದುದರಿಂದ ನಾನೂ ಅಲ್ಲೇ ಇದ್ದೆ. ಚಿಕ್ಕಪ್ಪ ಬಾಗಿಲು ತೆರೆದರು. ಮೇಷ್ಟ್ರು ಅವರ ಭುಜದ ಮೇಲಿಂದ ಒಳಗೆ ನೋಡಿ, "ಅಮ್ಮಾ, ಒಂದು ಹಡಗು ಸಿಕ್ಕಿದೆ. ಇದರ ಹೊಗೆಯ ಬಣ್ಣ ಹಳೇದೋ ಹೊಸದೋ ನೀವು ನೋಡಿ ಹೇಳಬೇಕು" ಎಂದರು. ಚಿಕ್ಕಮ್ಮ ಕಾರ್ಡನ್ನು ಕಿಟಕಿಗೆ ತೆಗೆದುಕೊಂಡು ಹೋದಳು. ಗೆಳೆಯರಿಬ್ಬರೂ ಹಜಾರದಲ್ಲಿ ಎದುರು ಬದುರು ನಿಂತರು. ಚಿಕ್ಕಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡು, "ಮೇಷ್ಟ್ರೇ, ಅವತ್ತು ನಾನು..." ಎಂದು ಶುರು ಮಾಡಿದರು.

"ಸದ್ಯ ಕೂರೋಕೆ ಹೇಳ್ತೀರಾ ಇಲ್ವಾ?" ಎಂದರು ಮೇಷ್ಟ್ರು.